ಆರೈಕೆಯ ಕೈ, ಬಿಳಿ ಅಂಗಿ: ಮುಟ್ಟುವ ಕೆಲಸದ ಒಂದು ಚರಿತ್ರೆ

1

ದಲಿತ ವಿಮರ್ಶೆಯ ಈ ಸಂಚಿಕೆಗೆ ಮುದುಕರ ಆರೈಕೆಯ ಬಗ್ಗೆ, ನರ್ಸಬಾಯಿಯರ ಬಗ್ಗೆ ಬರೆಯುತ್ತೇನೆ ಎಂದಾಗ ಗೆಳೆಯರೊಬ್ಬರು ನಕ್ಕರು. 'ಕಾವ್ಯ ಇದೆ, ಆತ್ಮಕಥೆ ಇದೆ, ಮೀಮಾಂಸೆ ಇದೆ. ಅದೆಲ್ಲ ಬಿಟ್ಟು ಬೆಡ್‌ಪ್ಯಾನಿನ ವಿಮರ್ಶೆ ಎಂತದ್ದು ಮಾರಾಯಾ?' ಎಂದರು. ಅವರ ನಗುವಿನಲ್ಲಿ ಕುಹಕ ಇರಲಿಲ್ಲ. ಆದರೂ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಅಸ್ಪೃಶ್ಯತೆ ಎಂದರೆ ಮುಟ್ಟುವುದಕ್ಕೆ ಸಂಬಂಧಿಸಿದ ವ್ಯವಸ್ಥೆ. ಯಾರು ಯಾರನ್ನು ಮುಟ್ಟಬಾರದು ಎಂಬುದರ ಬಗ್ಗೆ ನಾವು ಬೇಕಾದಷ್ಟು ಬರೆದಿದ್ದೇವೆ, ಭಾಷಣ ಮಾಡಿದ್ದೇವೆ. ಆದರೆ ಅದೇ ವ್ಯವಸ್ಥೆ ಯಾರು ಯಾರನ್ನು ಮುಟ್ಟಲೇಬೇಕು ಎಂಬುದನ್ನೂ ಗೊತ್ತುಮಾಡಿತ್ತು. ಹೆರಿಗೆಯ ನೆತ್ತರು, ಹುಣ್ಣಿನ ಕೀವು, ಹಾಸಿಗೆ ಹಿಡಿದ ಮುದುಕರ ಮಲಮೂತ್ರ ಇವನ್ನೆಲ್ಲ ಮುಟ್ಟಿದ ಕೈಗಳು ಯಾರವು? ಆ ಕೈಗಳ ಚರಿತ್ರೆಯನ್ನು ಬಿಟ್ಟು ಅಸ್ಪೃಶ್ಯತೆಯ ಚರಿತ್ರೆ ಪೂರ್ತಿಯಾಗುವುದು ಹೇಗೆ?

ನಾನು ಅಂಕೋಲಾ ತಾಲೂಕಿನ ಒಂದು ಆಗೇರ ಕೇರಿಯಲ್ಲಿ ಹುಟ್ಟಿದವನು. ನಮ್ಮ ಜಾತಿಯ ಹೆಸರಿಗೂ ಉಪ್ಪಿನ ಆಗರಕ್ಕೂ ನಂಟಿದೆ. ನಮ್ಮಜ್ಜಿ ಚಿಕ್ಕಂದಿನಲ್ಲಿ ಆಗರದಲ್ಲಿ ಉಪ್ಪು ಎಳೆದವಳು. ಗಂಡ ತೀರಿಕೊಂಡ ಮೇಲೆ ಒಡೇರ ಮನೆಗಳಲ್ಲಿ ಹಾಸಿಗೆ ಹಿಡಿದ ಮುದುಕಿಯರನ್ನು ನೋಡಿಕೊಳ್ಳುವ ಕೆಲಸ ಹಿಡಿದಳು. ಅಲ್ಲಿಂದ ಕಾರವಾರದ ಕಡೆಯ ಒಂದು ಖಾಸಗಿ ಆಸ್ಪತ್ರೆಗೆ ಆಯಾ ಆಗಿ ಹೋದಳು. ಅಲ್ಲಿ ಇಪ್ಪತ್ತೆರಡು ವರ್ಷ ದಿನಗೂಲಿ ಮಾಡಿದಳು.

ಒಡೇರ ಮನೆಯ ಪಡಸಾಲೆ ಹತ್ತುವ ಹಾಗಿರಲಿಲ್ಲ, ಅಡುಗೆಮನೆಯ ಕಡೆ ತಿರುಗಿ ನೋಡುವ ಹಾಗಿರಲಿಲ್ಲ. ಆದರೆ ಹಿತ್ತಿಲ ಬಾಗಿಲಿಂದ ಮುದುಕಿಯ ಕೋಣೆಗೆ ಹೋಗಬಹುದಿತ್ತು. ಎತ್ತಿ ಕೂರಿಸಬಹುದಿತ್ತು, ತೊಳೆಯಬಹುದಿತ್ತು, ಬಟ್ಟೆ ಬದಲಿಸಬಹುದಿತ್ತು. ಗಂಜಿ ಉಣಿಸುವ ಹೊತ್ತಿಗೆ ಮಾತ್ರ ಮನೆಯ ಸೊಸೆ ಬರುತ್ತಿದ್ದಳಂತೆ. ಬಂದವಳು ಮೊದಲು ಅತ್ತೆಯ ಮೇಲೆ ನೀರು ಚಿಮುಕಿಸುತ್ತಿದ್ದಳಂತೆ. 'ಮೈಯೆಲ್ಲ ನಾ ತೊಳೀಬೇಕು, ಬಾಯಿಗೆ ಮಾತ್ರ ಅವ್ರು ಕೊಡಬೇಕು' ಎಂದು ಅಜ್ಜಿ ನಗುತ್ತಲೇ ಹೇಳುತ್ತಿದ್ದಳು. ಮೈಯ ಕೆಳಗಿನದು ಇವಳಿಗೆ, ಮೇಲಿನದು ಅವರಿಗೆ. ಪುರುಷಸೂಕ್ತದ ಹೆಸರನ್ನೂ ಕೇಳದ ನಮ್ಮಜ್ಜಿಗೆ ಅದರ ಅರ್ಥ ಮುದುಕಿಯ ಮಂಚದ ಹತ್ತಿರ ನಿಂತೇ ಗೊತ್ತಾಗಿತ್ತು.

2

ಕಾರವಾರ, ಅಂಕೋಲಾ ಸೇರಿದ ಉತ್ತರ ಕನ್ನಡ ಜಿಲ್ಲೆ 1862ರಿಂದ 1956ರ ತನಕ ಮುಂಬಯಿ ಆಡಳಿತದಲ್ಲಿತ್ತು. ಹಾಗಾಗಿ ಇಲ್ಲಿಯ ದವಾಖಾನೆಗಳ ಚರಿತ್ರೆಯನ್ನು ಮೈಸೂರಿನ ಕಡೆ ಹುಡುಕಿದರೆ ಸಿಕ್ಕದು, ಮುಂಬಯಿ ಪ್ರಾಂತದ ಚರಿತ್ರೆಯಲ್ಲಿ ಹುಡುಕಬೇಕು. 1883ರಲ್ಲಿ ಅಚ್ಚಾದ ಮುಂಬಯಿ ಗೆಜೆಟಿಯರಿನ ಕೆನರಾ ಸಂಪುಟದಲ್ಲಿ ಜಿಲ್ಲೆಯ ಜಾತಿಗಳ ಉದ್ದನೆಯ ವರ್ಣನೆ ಇದೆ. ನಮ್ಮವರೂ ಅದರಲ್ಲಿದ್ದಾರೆ. ಏನು ಕಸುಬು, ಏನು ಊಟ, ಯಾವ ದೇವರು, ಹೀಗೆ. ಆದರೆ ಆರೈಕೆ ಎಂಬುದಕ್ಕೆ ಇಂಥ ಪಟ್ಟಿಗಳಲ್ಲಿ ಕಸುಬಿನ ಸ್ಥಾನ ಸಿಕ್ಕುವುದಿಲ್ಲ. ಉಪ್ಪನ್ನಾದರೂ ತೂಕ ಮಾಡಬಹುದು, ಅದರ ಮೇಲೆ ತೆರಿಗೆ ಹಾಕಬಹುದು. ಮುದುಕಿಯ ಮಗ್ಗುಲು ಬದಲಿಸಿದ್ದನ್ನು ಯಾವ ತಕ್ಕಡಿಯಲ್ಲಿ ಹಾಕುವುದು?

ಉಪ್ಪಿನ ಮಾತು ಬಂದದ್ದರಿಂದ ಒಂದು ವಿಷಯ ಹೇಳಬೇಕು. 1930ರ ಏಪ್ರಿಲ್ 13ರಂದು ಎಂ.ಪಿ. ನಾಡಕರ್ಣಿಯವರ ಮುಂದಾಳುತನದಲ್ಲಿ ಅಂಕೋಲೆಯಲ್ಲಿ ಉಪ್ಪಿನ ಸತ್ಯಾಗ್ರಹ ನಡೆಯಿತು. ಆ ಹೋರಾಟದಲ್ಲಿ ಜೈಲಿಗೆ ಹೋದವರ, ಮುಂದೆ ಕರನಿರಾಕರಣೆಯಲ್ಲಿ ಜಮೀನು ಕಳೆದುಕೊಂಡವರ ತ್ಯಾಗವನ್ನು ನಾನು ಸಣ್ಣದು ಮಾಡುತ್ತಿಲ್ಲ. ಆದರೆ ಒಂದು ದಿನ ಉಪ್ಪು ಎತ್ತಿದವರು ಚರಿತ್ರೆಗೆ ಸೇರಿದರು, ಜೀವಮಾನವಿಡೀ ಉಪ್ಪು ಎಳೆದವರು ಗೆಜೆಟಿಯರಿನ ಜಾತಿಪಟ್ಟಿಗೆ ಸೇರಿದರು. ಸೇವೆಯ ಕತೆಯೂ ಇದೇ. ಮೇಲಿನವರು ರೋಗಿಯನ್ನು ಮುಟ್ಟಿದರೆ ಅದು ಸೇವೆ, ತ್ಯಾಗ, ದೇಶಭಕ್ತಿ. ನಮ್ಮವರು ಮುಟ್ಟಿದರೆ ಅದು ಹಣೆಬರಹ.

ಇನ್ನು ನಮ್ಮವರೇ ರೋಗಿಗಳಾದಾಗ? 1929ರ ಡಿಸೆಂಬರಿನಲ್ಲಿ ಗಾಂಧೀಜಿಯ 'ಯಂಗ್ ಇಂಡಿಯಾ'ದಲ್ಲಿ ಒಂದು ಕಾಗದ ಅಚ್ಚಾಯಿತು. ಅದನ್ನು ಬರೆದವರು ಕಾಠಿಯಾವಾಡದ ಒಬ್ಬ ದಲಿತ ಮಾಸ್ತರು. ಹೆಂಡತಿ ಬಾಣಂತಿ, ಕಾಯಿಲೆ ಬಿದ್ದಿದ್ದಾಳೆ. ವೈದ್ಯ ಕೇರಿಯೊಳಗೆ ಬರಲು ಒಪ್ಪಲಿಲ್ಲ, ಅವಳನ್ನು ಹೊರಗೆ ತಂದು ಮಲಗಿಸಬೇಕಾಯಿತು. ವೈದ್ಯ ಥರ್ಮಾಮೀಟರನ್ನು ಒಬ್ಬ ಮುಸಲ್ಮಾನನ ಕೈಗೆ ಕೊಟ್ಟ, ಅವನು ಗಂಡನ ಕೈಗೆ, ಗಂಡ ಹೆಂಡತಿಗೆ. ತಿರುಗಿ ಬಂದದ್ದೂ ಅದೇ ದಾರಿಯಲ್ಲಿ. ಆ ಹೆಂಗಸು ಉಳಿಯಲಿಲ್ಲ. ಬಾಬಾಸಾಹೇಬರು ತಮ್ಮ ಆತ್ಮಕಥನದ ಬರಹದಲ್ಲಿ ಈ ಘಟನೆಯನ್ನು ಸೇರಿಸಿಕೊಂಡದ್ದು ಸುಮ್ಮನೆ ಅಲ್ಲ. ಔಷಧಶಾಸ್ತ್ರ ಆಧುನಿಕವಾಗಿತ್ತು, ಥರ್ಮಾಮೀಟರು ಆಧುನಿಕವಾಗಿತ್ತು, ಕೈ ಮಾತ್ರ ಮನುವಿನದೇ ಆಗಿತ್ತು.

ಇದಕ್ಕೆ ಆರು ವರ್ಷ ಮೊದಲೇ, 1923ರಲ್ಲಿ, ಎಸ್.ಕೆ. ಬೋಳೆಯವರು ಮುಂಬಯಿ ಶಾಸನಸಭೆಯಲ್ಲಿ ಒಂದು ಠರಾವು ಪಾಸು ಮಾಡಿಸಿದ್ದರು. ಸಾರ್ವಜನಿಕ ಕೆರೆಬಾವಿಗಳನ್ನು ಅಸ್ಪೃಶ್ಯರಿಗೆ ತೆರೆಯಬೇಕು ಎಂಬ ಈ ಠರಾವೇ ಮುಂದೆ ಮಹಾಡ ಸತ್ಯಾಗ್ರಹದ ಬುನಾದಿಯಾಯಿತು. ಆದರೆ ಅದರಲ್ಲಿ ಕೆರೆಬಾವಿಗಳ ಜತೆಗೆ ಶಾಲೆ, ಕೋರ್ಟು, ಕಚೇರಿ, ದವಾಖಾನೆ ಕೂಡ ಇತ್ತು ಎಂಬುದನ್ನು ನಾವು ನೆನೆಸುವುದು ಕಡಿಮೆ. ನೀರಿನ ಹೋರಾಟದ ಚರಿತ್ರೆ ನಮಗಿದೆ, ದವಾಖಾನೆಯ ಹೋರಾಟದ ಚರಿತ್ರೆಯನ್ನು ಇನ್ನೂ ಬರೆಯಬೇಕಾಗಿದೆ.

ಆ ಚರಿತ್ರೆಯನ್ನು ಎಲ್ಲಿಂದ ಶುರು ಮಾಡಬೇಕು ಎಂದು ಕೇಳಿದರೆ ನಾನು 1897 ಎನ್ನುತ್ತೇನೆ. ಆ ವರ್ಷ ಪುಣೆಯಲ್ಲಿ ಪ್ಲೇಗು ಎದ್ದಾಗ ಸಾವಿತ್ರಿಬಾಯಿ ಫುಲೆ, ವೈದ್ಯನಾಗಿದ್ದ ಮಗ ಯಶವಂತನ ಜತೆ, ಊರ ಹೊರಗೆ ರೋಗಿಗಳ ಆರೈಕೆಗೆ ನಿಂತರು. ಮುಂಢವೆಯ ಒಬ್ಬ ಮಹಾರ ಹುಡುಗನನ್ನು ತಾವೇ ಹೊತ್ತು ತಂದರು. ಅದೇ ರೋಗ ಅಂಟಿ ಮಾರ್ಚ್ 10ರಂದು ತೀರಿಕೊಂಡರು. ಅವರನ್ನು ಅಕ್ಷರದವ್ವ ಎಂದು ನಾವು ಕರೆಯುತ್ತೇವೆ, ಫೋಟೋದ ಕೆಳಗೆ ಪುಸ್ತಕ ಇಡುತ್ತೇವೆ. ಅವರು ಸತ್ತದ್ದು ಪಾಠ ಹೇಳುತ್ತಾ ಅಲ್ಲ, ಮುಟ್ಟಬಾರದವನನ್ನು ಮುಟ್ಟಿ, ಹೊತ್ತು.

3

ಮುಟ್ಟುವ ಕೆಲಸ ಯಾವಾಗ ಬಿಳಿ ಅಂಗಿಯ ಉದ್ಯೋಗವಾಯಿತೋ ಆಗಿನಿಂದ ಕತೆ ತಿರುಗುತ್ತದೆ. 1885ರಲ್ಲಿ ಲೇಡಿ ಡಫರಿನ್ ನಿಧಿ ಹುಟ್ಟಿ ಹೆಂಗಸರ ಆಸ್ಪತ್ರೆಗಳು, ತರಬೇತಿಗಳು ಬಂದವು. ಮೇಲ್ಜಾತಿಯ ಹೆಣ್ಣುಮಕ್ಕಳು ಮೈಲಿಗೆಗೆ ಹೆದರಿ ದೂರ ಉಳಿದರು. ಬಂದವರು ಬಹಳ ಮಟ್ಟಿಗೆ ಯೂರೋಪಿಯನ್, ಆಂಗ್ಲೋ ಇಂಡಿಯನ್ ಹೆಂಗಸರು, ಆಮೇಲೆ ಮಿಷನ್ನಿನ ಅನಾಥಾಲಯಗಳಲ್ಲಿ, ಕ್ರಿಸ್ತಮತಕ್ಕೆ ಸೇರಿದ ಬಡ ಕುಟುಂಬಗಳಲ್ಲಿ ಬೆಳೆದ ಹುಡುಗಿಯರು. ನಮ್ಮ ಕಡೆಯವರಿಗೆ ಮಿರಜದ ಮಿಷನ್ ದವಾಖಾನೆ, ಬೆಟಗೇರಿಯ ಬಾಸೆಲ್ ಮಿಷನ್ ದವಾಖಾನೆ ಪರಿಚಿತ ಹೆಸರುಗಳು. ಅಂದರೆ ಮತ ಬದಲಿಸಿದ ಕೆಳಜಾತಿಯ ಹುಡುಗಿಗೆ ಬಿಳಿ ಅಂಗಿ ಸಿಕ್ಕುವ ಒಂದು ಸಂದಿ ಇತ್ತು. ಹಿಂದೂ ಆಗಿಯೇ ಉಳಿದ ಅವಳ ಅಕ್ಕನಿಗೆ ಸಿಕ್ಕಿದ್ದು ಅದೇ ವಾರ್ಡಿನ ಪೊರಕೆ. ಮತಾಂತರದ ಬಗ್ಗೆ ಗಂಟೆಗಟ್ಟಲೆ ವಾದ ಮಾಡುವವರು ಈ ಅಕ್ಕತಂಗಿಯರ ಲೆಕ್ಕವನ್ನೂ ಒಮ್ಮೆ ನೋಡಬೇಕು.

1908ರಲ್ಲಿ ಭಾರತದಲ್ಲಿ ತರಬೇತಿ ಪಡೆದ ನರ್ಸುಗಳ ಸಂಘ ಹುಟ್ಟಿತು. ಅದೇ ವರ್ಷ ಅಮೆರಿಕದಲ್ಲಿ ಕರಿಯ ನರ್ಸುಗಳು ತಮ್ಮದೇ ಬೇರೆ ರಾಷ್ಟ್ರೀಯ ಸಂಘ ಕಟ್ಟಿಕೊಂಡರು. ಅಲ್ಲಿ ತರಬೇತಿ ಮುಗಿಸಿದ ಮೊದಲ ಕರಿಯ ನರ್ಸ್ ಮೇರಿ ಮಹೋನಿ 1879ರಲ್ಲೇ ಹೊರಬಂದಿದ್ದರು. ಆದರೂ ಹಲವು ರಾಜ್ಯಗಳ ಬಿಳಿಯರ ಸಂಘಗಳು ಕರಿಯರನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ಬಾಗಿಲು ತೆರೆದ ಮೇಲೆ, 1951ರಲ್ಲಿ, ಅವರು ತಮ್ಮ ಸಂಘವನ್ನು ತಾವೇ ಮುಚ್ಚಿದರು. ಅಲ್ಲಿ ಬಹಿಷ್ಕಾರಕ್ಕೆ ಒಂದು ಬೋರ್ಡು ಇತ್ತು, ಆದ್ದರಿಂದ ಅದರ ಎದುರು ಇನ್ನೊಂದು ಬೋರ್ಡು ನಿಲ್ಲಿಸುವುದಕ್ಕಾಯಿತು. ನಮ್ಮಲ್ಲಿ ಜಾತಿ ಬೋರ್ಡು ಹಾಕಿಕೊಂಡು ಕೂರಲಿಲ್ಲ, ಅರ್ಹತೆಯ ಪಟ್ಟಿಯೊಳಗೆ ಸೇರಿಕೊಂಡಿತು.

1935ರಲ್ಲಿ ಮುಂಬಯಿ ಪ್ರಾಂತ ನರ್ಸು, ಸೂಲಗಿತ್ತಿಯರ ನೋಂದಣಿಗೆ ಕಾಯ್ದೆ ತಂದಿತು. 1947ರಲ್ಲಿ ಭಾರತೀಯ ನರ್ಸಿಂಗ್ ಪರಿಷತ್ತಿನ ಕಾಯ್ದೆ ಬಂತು. ಅದರ ಜಾಗಕ್ಕೆ ಹೊಸ ಆಯೋಗ ತರುವ ಕಾಯ್ದೆ 2023ರಲ್ಲಿ ಪಾಸಾಯಿತು. ನೋಂದಣಿ ಬೇಕೇ ಬೇಕು, ಕಲಿಯದ ಕೈಗೆ ಸೂಜಿ ಕೊಡಬಾರದು ಎಂಬುದರಲ್ಲಿ ನನಗೆ ತಕರಾರಿಲ್ಲ. 1946ರ ಭೋರ್ ಸಮಿತಿಯ ಲೆಕ್ಕದಲ್ಲಿ ದೇಶಕ್ಕೆಲ್ಲ ಇದ್ದದ್ದು ಸುಮಾರು 7,000 ನರ್ಸುಗಳು, ಅಂದರೆ 43,000 ಜನಕ್ಕೆ ಒಬ್ಬರು. ಅಷ್ಟು ಕೊರತೆ ಇದ್ದ ದೇಶ, ತಲೆಮಾರುಗಳಿಂದ ಆರೈಕೆ ಮಾಡುತ್ತ ಬಂದ ಹೆಂಗಸರನ್ನು ಕರೆದು ಅಕ್ಷರ ಕೊಟ್ಟು, ಪಾಠ ಹೇಳಿ, ನರ್ಸು ಮಾಡಬಹುದಿತ್ತು. ಮಾಡಲಿಲ್ಲ. ಅವರ ಕೈಯಿಂದ ಕೆಲಸ ತೆಗೆದುಕೊಂಡಿತು, ಅವರ ಹೆಸರನ್ನು ಮಾತ್ರ ರಿಜಿಸ್ಟರಿನ ಹೊರಗೆ ಇಟ್ಟಿತು.

ಇವತ್ತಿನ ಬೇಲಿ ಹೇಗಿದೆ ನೋಡಿ. ಬಿ.ಎಸ್ಸಿ. ನರ್ಸಿಂಗಿಗೆ ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ, ಇಂಗ್ಲಿಷ್ ಬೇಕು. ಜಿ.ಎನ್.ಎಂ.ಗೆ ಬೇರೆ ವಿಭಾಗದವರೂ ಸೇರಬಹುದು, ಆದರೆ ಇಂಗ್ಲಿಷ್ ಬಿಟ್ಟರೆ ನಡೆಯದು, ಮೂರು ವರ್ಷ ದುಡಿಮೆ ಬಿಟ್ಟು ಕೂರಬೇಕು. ಮೀಸಲಾತಿ ಇದೆ. ಆದರೆ ಮೀಸಲಾತಿಯ ಬಾಗಿಲಿಗೆ ಹೋಗುವ ಮೊದಲು ವಿಜ್ಞಾನದ ಬಾಗಿಲು ದಾಟಬೇಕಲ್ಲ? ನಾನು ಪಾಠ ಮಾಡುವ ಕಲಾ ವಿಭಾಗದ ತರಗತಿಯಲ್ಲಿ ಆಗೇರ, ಮುಕ್ರಿ, ಹಳ್ಳೇರ ಮಕ್ಕಳಿದ್ದಾರೆ, ಹಾಲಕ್ಕಿ ಮಕ್ಕಳಿದ್ದಾರೆ. ನರ್ಸು ಆಗಬೇಕು ಎನ್ನುವ ಹುಡುಗಿಯರು ಪ್ರತಿ ವರ್ಷ ಸಿಕ್ಕುತ್ತಾರೆ. 'ಸರ್, ವಿಜ್ಞಾನ ತಕಂಡ್ರೆ ಟ್ಯೂಶನ್ನಿಗೆ ಯಾರು ದುಡ್ಡು ಕೊಡ್ತ್ರು?' ಎಂದು ಕೇಳುತ್ತಾರೆ. ಉತ್ತರ ನನ್ನಲ್ಲಿಲ್ಲ.

4

ಈಗ ಮುದುಕರ ಸಂಖ್ಯೆ ಏರುತ್ತಿದೆ ಎಂದು ಎಲ್ಲರಿಗೂ ದಿಗಿಲು. 2011ರ ಜನಗಣತಿಯ ಪ್ರಕಾರ ದೇಶದಲ್ಲಿ ಅರುವತ್ತು ದಾಟಿದವರು 10 ಕೋಟಿಗೂ ಹೆಚ್ಚು, ಕರ್ನಾಟಕದಲ್ಲಿ ನೂರಕ್ಕೆ ಒಂಬತ್ತೂವರೆ. ನಮ್ಮ ಕರಾವಳಿಯಲ್ಲಿ ಇದು ಅಂಕಿ ಅಲ್ಲ, ಕಣ್ಣಿಗೆ ಕಾಣುವ ಮಾತು. ಸೀಬರ್ಡ್ ನೌಕಾನೆಲೆಗೆ 1986ರಲ್ಲಿ ಅಡಿಗಲ್ಲು ಬಿದ್ದ ಮೇಲೆ ಎಷ್ಟೋ ಊರುಗಳು ಎದ್ದು ಬೇರೆ ಕಡೆ ಹೋದವು. ಜಮೀನು, ದೋಣಿ, ನೆರೆಹೊರೆ ಎಲ್ಲ ಚೆದುರಿದವು. 1998ರಲ್ಲಿ ಕೊಂಕಣ ರೈಲು ಪೂರ್ತಿಯಾದ ಮೇಲೆ ದುಡಿಯುವ ಮಕ್ಕಳಿಗೆ ಗೋವೆ, ಮುಂಬಯಿ, ಮಂಗಳೂರು ಹತ್ತಿರವಾದವು. ಮನೆಯಲ್ಲಿ ಉಳಿದವರು ಮುದುಕರು.

ಸರಕಾರಕ್ಕೂ ಇದು ಗೊತ್ತು. 2010-11ರಲ್ಲಿ ಹಿರಿಯರ ಆರೋಗ್ಯಕ್ಕೆಂದೇ ರಾಷ್ಟ್ರೀಯ ಕಾರ್ಯಕ್ರಮ ಬಂತು, ಜಿಲ್ಲಾಸ್ಪತ್ರೆಯಲ್ಲಿ ವೃದ್ಧರಿಗೆ 10 ಹಾಸಿಗೆಯ ವಾರ್ಡು ಎಂದು ಯೋಜನೆಯಲ್ಲಿ ಬರೆದರು. ನರ್ಸಿಂಗ್ ಪರಿಷತ್ತಿನ ಹೊಸ ಪಠ್ಯಕ್ರಮದಲ್ಲಿ ವೃದ್ಧರ ಶುಶ್ರೂಷೆ ಪಾಠದ ಹೆಸರಿನಲ್ಲೇ ಸೇರಿತು. ಇವೆಲ್ಲ ಸರಿ. ಇದರ ಜತೆಗೆ ಕೌಶಲ್ಯ ತರಬೇತಿಯ ಹೆಸರಿನಲ್ಲಿ, ಮನೆಗೆ ಹೋಗಿ ರೋಗಿ ನೋಡಿಕೊಳ್ಳುವವರಿಗೆ ಕೆಲವೇ ತಿಂಗಳ ಕೋರ್ಸುಗಳು ಬಂದವು. ಅವುಗಳಿಗೆ ನಮ್ಮ ಹುಡುಗಿಯರನ್ನು ಹುಡುಕಿಕೊಂಡು ಬರುತ್ತಾರೆ. ಎಲ್ಲ ಜಾತಿಯವರನ್ನೂ ಆರೈಕೆಯ ಕೆಲಸಕ್ಕೆ ತರಬೇಕು, ವೈವಿಧ್ಯ ಬೇಕು ಎಂಬ ಮಾತು ಕೇಳಲು ಚೆಂದ. ಆದರೆ ಯಾವ ಮೆಟ್ಟಿಲಿಗೆ ತರುತ್ತೀರಿ?

ಈ ಪ್ರಶ್ನೆಯನ್ನು ಇಂಗ್ಲೆಂಡಿನ ಚರಿತ್ರೆ ಒಮ್ಮೆ ಎದುರಿಸಿದೆ. 1948ರಲ್ಲಿ ಅಲ್ಲಿ ರಾಷ್ಟ್ರೀಯ ಆರೋಗ್ಯ ಸೇವೆ ಶುರುವಾದಾಗ ನರ್ಸುಗಳ ಕೊರತೆ ಬಿತ್ತು. ಕೆರಿಬಿಯನ್ ದ್ವೀಪಗಳಿಂದ ಕರಿಯ ಹುಡುಗಿಯರನ್ನು ಕರೆಸಿದರು. ಆದರೆ ಅಲ್ಲಿ ನರ್ಸಿಂಗಿನಲ್ಲಿ ಎರಡು ದರ್ಜೆ. ಮೇಲಿನದು ನೋಂದಾಯಿತ ನರ್ಸು, ಕೆಳಗಿನದು ಎರಡು ವರ್ಷದ ದಾಖಲಿತ ನರ್ಸು. ಕೆಳಗಿನದರಿಂದ ಬಡ್ತಿಯ ದಾರಿ ಬಹಳ ಕಿರಿದು. ಬಂದ ಎಷ್ಟೋ ಹುಡುಗಿಯರನ್ನು, ವ್ಯತ್ಯಾಸ ಸರಿಯಾಗಿ ತಿಳಿಸದೆಯೇ, ಕೆಳಗಿನ ದರ್ಜೆಗೆ ತಳ್ಳಿದರು. ಯಾರಿಗೂ ಬೇಡದ ಮುದುಕರ ವಾರ್ಡು, ಮಾನಸಿಕ ರೋಗಿಗಳ ವಾರ್ಡು ಅವರ ಪಾಲಿಗೆ ಬಂತು. ಹೊರಗಿಂದ ನೋಡಿದವರಿಗೆ ಆಸ್ಪತ್ರೆಯಲ್ಲಿ ಬಣ್ಣಬಣ್ಣದ ಜನ ಕಂಡರು. ಒಳಗೆ ಹೋಗಿ ನೋಡಿದರೆ ಅದು ನಮಗೆ ಚೆನ್ನಾಗಿ ಪರಿಚಯವಿರುವ ಏಣಿಯೇ ಆಗಿತ್ತು.

ನನ್ನ ಚಿಕ್ಕಪ್ಪನ ಮಗಳು ಇಂಥ ಏಣಿಯ ಕೆಳಗಿನ ಮೆಟ್ಟಿಲಲ್ಲಿ ಎಂಟು ವರ್ಷದಿಂದ ನಿಂತಿದ್ದಾಳೆ. ಮಡಗಾಂವಿನ ಒಂದು ಮನೆಯಲ್ಲಿ ಹಾಸಿಗೆ ಹಿಡಿದ ಅಜ್ಜನನ್ನು ನೋಡಿಕೊಳ್ಳುತ್ತಾಳೆ. ಮೂಗಿನ ನಳಿಕೆಯಲ್ಲಿ ಊಟ ಕೊಡಲು ಬರುತ್ತದೆ, ಸಕ್ಕರೆ ಅಂಶ ನೋಡಲು ಬರುತ್ತದೆ, ಮರೆವಿನ ಕಾಯಿಲೆಯವರು ರಾತ್ರಿ ಎದ್ದು ಗಲಾಟೆ ಮಾಡಿದರೆ ಸಮಾಧಾನ ಮಾಡಲು ಬರುತ್ತದೆ. ಹೋದ ವರ್ಷ ನರ್ಸಿಂಗ್ ಅರ್ಜಿ ತುಂಬಲು ನನ್ನ ಹತ್ತಿರ ಬಂದಿದ್ದಳು. ಅರ್ಜಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, 'ಅಣ್ಣಾ, ಎಂಟು ವರ್ಷ ಬರೂಕೆ ಜಾಗನೇ ಇಲ್ವಲ್ಲಾ ಇದ್ರಲ್ಲಿ' ಎಂದಳು.

5

ಇಷ್ಟೆಲ್ಲ ಬರೆದ ಮೇಲೆ ನನ್ನ ಮಾತನ್ನೂ ಹೇಳದಿದ್ದರೆ ಈ ಬರಹ ಸುಳ್ಳಾಗುತ್ತದೆ. ನಾನು ಎಂ.ಎ. ಮುಗಿಸಿ ಕೆಲಸಕ್ಕೆ ಸೇರಿದ ವರ್ಷ ನಮ್ಮಜ್ಜಿಗೆ ಲಕ್ವ ಹೊಡೆಯಿತು. ಬೆಳಂಬಾರದ ನಾಟಿ ಔಷಧ ಕೊಡಿಸಿದೆವು, ಆಸ್ಪತ್ರೆಗೂ ತೋರಿಸಿದೆವು. ಬಲಗಡೆ ಬಿದ್ದದ್ದು ಏಳಲಿಲ್ಲ. ಅವ್ವಿ ಕೂಲಿಗೆ ಹೋಗಬೇಕಿತ್ತು. ನಾನು ಅಜ್ಜಿಯ ಹತ್ತಿರ ಕೂತು ಮಾತಾಡಿಸುತ್ತಿದ್ದೆ, ಅವಳ ಹಾಡುಗಳನ್ನು ಮೊಬೈಲಿನಲ್ಲಿ ಹಿಡಿದಿಡುತ್ತಿದ್ದೆ. ಬಟ್ಟೆ ಒದ್ದೆಯಾದರೆ ಎದ್ದು ಹೊರಗೆ ಹೋಗುತ್ತಿದ್ದೆ. ಆ ಏಪ್ರಿಲ್ 14ರಂದು ಊರಿನ ಸಭೆಯಲ್ಲಿ ಅಸ್ಪೃಶ್ಯತೆಯ ಬಗ್ಗೆ ಮುಕ್ಕಾಲು ತಾಸು ಭಾಷಣ ಮಾಡಿ ಮನೆಗೆ ಬಂದಾಗಲೂ ಹಾಗೇ ಮಾಡಿದೆ.

ಕೊನೆಗೆ ಸಂಬಳ ಕೊಟ್ಟು ಒಬ್ಬ ಹೆಂಗಸನ್ನು ಇಟ್ಟೆವು. ಅವಳು ನಮಗಿಂತ ಒಂದು ಮೆಟ್ಟಿಲು ಕೆಳಗೆ ಎಂದು ನಮ್ಮ ಕೇರಿಯವರು ಹೇಳಿಕೊಳ್ಳುವ ಜಾತಿಯವಳು. ಅವಳಿಗೆ ಚಾ ಕೊಡುವ ಲೋಟ ನಮ್ಮ ಮನೆಯಲ್ಲಿ ಬೇರೆ ಇದೆ ಎಂಬುದನ್ನು ನಾನು ಗಮನಿಸಿದ್ದು ಮೂರನೆಯ ವಾರದಲ್ಲಿ. ಶ್ರೇಣೀಕೃತ ಅಸಮಾನತೆ ಎಂದು ತರಗತಿಯಲ್ಲಿ ಕಪ್ಪುಹಲಗೆಯ ಮೇಲೆ ಬರೆಯುತ್ತೇನಲ್ಲ, ಅದು ನಮ್ಮ ಒಲೆಯ ಪಕ್ಕದ ಗೂಡಿನಲ್ಲಿ ಸ್ಟೀಲಿನ ಲೋಟವಾಗಿ ಕೂತಿತ್ತು.

ಅಜ್ಜಿ ಮಲಗಿದಲ್ಲಿಂದಲೇ ಅವಳಿಗೆ ಕಲಿಸುತ್ತಿದ್ದಳು. ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸು. ಮೀನಖಂಡದ ಕೆಳಗೆ ಬಟ್ಟೆಯ ಸುರುಳಿ ಇಡು, ಹಿಮ್ಮಡಿಯ ಎಲುಬು ಹಾಸಿಗೆಗೆ ತಾಗಬಾರದು. ಮಲಗಿಸಿ ಗಂಜಿ ಕೊಡಬೇಡ, ಕೂರಿಸಿ ಕೊಡು, ಇಲ್ಲದಿದ್ದರೆ ಉಸಿರಿನ ದಾರಿಗೆ ಹೋಗುತ್ತದೆ. ನಾಲಿಗೆ ಎಳೆಯುತ್ತಿತ್ತು, ಆದರೂ ಹೇಳುತ್ತಿದ್ದಳು. ಆಮೇಲೆ ನರ್ಸಿಂಗ್ ಪಠ್ಯಪುಸ್ತಕ ತೆರೆದು ನೋಡಿದೆ. ಇವೇ ಮಾತು, ಇಂಗ್ಲಿಷಿನಲ್ಲಿ. ಒಂದು ದಿನ ನನ್ನನ್ನು ಕರೆದು ಹೇಳಿದಳು: 'ಮಗಾ, ಸತ್ತ ಮೇಲೆ ಹೊರೂಕೆ ನಾಲ್ಕು ಜನ ಬತ್ರು. ಬದ್ಕಿದ್ದಾಗ ಮಗ್ಗುಲು ಬದಲ್ಸೂಕೆ ಒಬ್ರೂ ಬರೂದಿಲ್ಲ.' ಮರುದಿನದಿಂದ ನಾನೂ ಕೈಹಾಕಿದೆ. ಆ ಹೆಂಗಸೇ ನನಗೆ ಗುರು. ಅಜ್ಜಿ ಇದ್ದದ್ದು ಅದಾದ ಮೇಲೆ ನಾಲ್ಕು ತಿಂಗಳು. ಬೆನ್ನಿನಲ್ಲಿ ಒಂದು ಹುಣ್ಣೂ ಆಗಲಿಲ್ಲ.

6

ಇಲ್ಲಿ ಎರಡು ತಪ್ಪುಗಳನ್ನು ನಾವು ಮಾಡಬಾರದು ಅನಿಸುತ್ತದೆ. ಮೊದಲನೆಯದು, ದಲಿತ ಹೆಂಗಸರಿಗೆ ಆರೈಕೆ ರಕ್ತದಲ್ಲೇ ಬಂದಿದೆ ಎಂದು ಹೊಗಳುವುದು. ಅದು ಹೊಗಳಿಕೆಯ ವೇಷದ ವರ್ಣಸಿದ್ಧಾಂತ. ಅಜ್ಜಿಗೆ ಬಂದದ್ದು ರಕ್ತದಿಂದಲ್ಲ, ಇಪ್ಪತ್ತೆರಡು ವರ್ಷದ ಕಲಿಕೆಯಿಂದ. ಕಲಿಕೆ ಎಂದು ಒಪ್ಪಿದರೆ ಅದಕ್ಕೆ ಅಂಕ ಕೊಡಬೇಕು, ಸಂಬಳ ಕೊಡಬೇಕು, ಬಡ್ತಿ ಕೊಡಬೇಕು. ರಕ್ತ ಎಂದರೆ ಏನೂ ಕೊಡಬೇಕಾಗಿಲ್ಲ. ಎರಡನೆಯದು, ಇದು ಹೊಲಸು ಕೆಲಸ, ಓದಿದ ನಮ್ಮ ಮಕ್ಕಳು ಇದರಿಂದ ದೂರ ಹೋದರೆ ಸಾಕು ಎನ್ನುವುದು. ದೂರ ಹೋಗುವ ಹಕ್ಕು ಎಲ್ಲರಿಗೂ ಇರಲಿ. ಆದರೆ ನಾವು ಬಿಟ್ಟ ಕೆಲಸವನ್ನು ನಮಗಿಂತ ಕೆಳಗಿನವರ ಕೈಗೆ ದಾಟಿಸಿದರೆ ಅದು ಬಿಡುಗಡೆ ಅಲ್ಲ.

ನಮ್ಮ ವಿಮರ್ಶೆಗೂ ಒಂದು ಮಾತು. ಎಲ್.ಆರ್. ಹೆಗಡೆ, ಎನ್.ಆರ್. ನಾಯಕ, ಶಾಂತಿ ನಾಯಕರಂಥವರು ಈ ಜಿಲ್ಲೆಯ ಜನಪದರ ಹಾಡು, ಕತೆ, ಔಷಧಿಗಳನ್ನು ಸಂಗ್ರಹಿಸಿದರು. ಆ ಋಣ ದೊಡ್ಡದು. ಆದರೆ ನಾವು, ಅವರ ನಂತರದವರು, ಅಜ್ಜಿ ಎಂದರೆ ನೆನಪಿನ ಕಣಜ ಎಂದು ಬರೆಯುವುದನ್ನು ರೂಢಿ ಮಾಡಿಕೊಂಡೆವು. ಕಣಜಕ್ಕೆ ಬೆನ್ನು ಇರುವುದಿಲ್ಲ, ಹುಣ್ಣು ಆಗುವುದಿಲ್ಲ. ಹಾಡಿದ ಬಾಯಿ ಲಕ್ವ ಹೊಡೆದು ವಾರೆಯಾದಾಗ ಅದನ್ನು ಒರೆಸುವವರು ಯಾರು ಎಂಬುದೂ ಸಂಸ್ಕೃತಿಯ ಪ್ರಶ್ನೆಯೇ.

ದಾರಿ ಇಲ್ಲ ಎನ್ನಬೇಡಿ. ಅಂಕೋಲೆಯಲ್ಲೇ ಒಂದು ಉದಾಹರಣೆ ಇದೆ. ಹೊನ್ನಳ್ಳಿಯ ತುಳಸಿ ಗೌಡ ಶಾಲೆಗೆ ಹೋದವರಲ್ಲ. ಅರಣ್ಯ ಇಲಾಖೆಯ ಸಸಿ ಬೆಳೆಸುವ ನರ್ಸರಿಯಲ್ಲಿ ದಶಕಗಳ ಕಾಲ ದಿನಗೂಲಿ ಮಾಡಿದರು. ಯಾವ ಮರದ ಬೀಜ ಯಾವಾಗ ತೆಗೆಯಬೇಕು ಎಂದು ಅವರಿಗೆ ಗೊತ್ತಿದ್ದದ್ದು ಅಧಿಕಾರಿಗಳಿಗೆ ಗೊತ್ತಿರಲಿಲ್ಲ. ಆ ತಿಳಿವಳಿಕೆಯನ್ನು ಲೆಕ್ಕಕ್ಕೆ ಹಿಡಿದೇ ಇಲಾಖೆ ಅವರ ಕೆಲಸ ಕಾಯಂ ಮಾಡಿತು. 2021ರಲ್ಲಿ ಬರಿಗಾಲಲ್ಲಿ ಹೋಗಿ ಪದ್ಮಶ್ರೀ ತೆಗೆದುಕೊಂಡರು, 2024ರ ಡಿಸೆಂಬರಿನಲ್ಲಿ ತೀರಿಕೊಂಡರು. ಸಸಿಯ ನರ್ಸರಿಯಲ್ಲಿ ಆದದ್ದು ಮನುಷ್ಯರ ವಾರ್ಡಿನಲ್ಲಿ ಯಾಕೆ ಆಗಬಾರದು? ಆಯಾ ಆಗಿ ದುಡಿದ ವರ್ಷಗಳನ್ನು ನರ್ಸಿಂಗ್ ಪ್ರವೇಶಕ್ಕೆ ಲೆಕ್ಕ ಹಿಡಿಯಲಿ. ಕಲಾ ವಿಭಾಗದಲ್ಲಿ ಓದಿದವರಿಗೆ ವಿಜ್ಞಾನದ ಒಂದು ವರ್ಷದ ಸೇತುವೆ ಕಟ್ಟಲಿ, ಮೊದಲ ಪಾಠಗಳು ಕನ್ನಡದಲ್ಲಿ ನಡೆಯಲಿ, ಕಲಿಯುವಾಗ ಕೂಲಿಯಷ್ಟಾದರೂ ಸಂಬಳ ಸಿಕ್ಕಲಿ. ಮುದುಕರ ಶುಶ್ರೂಷೆ ಕಲಿಯುವ ಪ್ರತಿ ಜಾತಿಯ ವಿದ್ಯಾರ್ಥಿಯೂ ಕೆಲವು ವಾರ ನಮ್ಮ ಕೇರಿಗಳಲ್ಲಿ, ನಮ್ಮ ಮುದುಕರ ಮೈ ಮುಟ್ಟಿ ಕಲಿಯಲಿ. ವೈವಿಧ್ಯ ಎಂದರೆ ನಮ್ಮ ಕೈ ಅವರ ಮೈಗೆ ಹೋಗುವುದು ಮಾತ್ರ ಅಲ್ಲ, ಅವರ ಕೈಯೂ ನಮ್ಮ ಮೈಗೆ ಬರುವುದು.

ಮೊದಲು ನಕ್ಕಿದ್ದ ಗೆಳೆಯರು ಹೋದ ವಾರ ಫೋನು ಮಾಡಿದ್ದರು. ಅವರ ತಾಯಿ ಜಾರಿ ಬಿದ್ದು ಸೊಂಟ ಮುರಿದುಕೊಂಡಿದ್ದಾರೆ. 'ನಿಮ್ಮ ಕಡೆ ಯಾರಾದ್ರೂ ಹೆಂಗಸು ಸಿಕ್ತಾಳಾ?' ಎಂದು ಕೇಳಿದರು. ಸಂಬಳ ಎಷ್ಟು, ವಾರಕ್ಕೆ ರಜೆ ಎಷ್ಟು, ಊಟ ಎಲ್ಲಿ ಕೂತು ಎಂದು ಕೇಳಿದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. 'ಹುಡುಕುತ್ತೇನೆ. ಅಲ್ಲಿವರೆಗೆ ಮಗ್ಗುಲು ಬದಲಿಸುವುದನ್ನು ನೀವು ಕಲಿಯಬೇಕು, ಭಾನುವಾರ ಬಂದು ತೋರಿಸಿಕೊಡುತ್ತೇನೆ' ಎಂದೆ.